ಕಪ್ಪು ಎಣ್ಣೆಯಲ್ಲಿ ಡೀಸೆಲ್ ಎಲ್ಲಿದೆ?

ಎಲ್ಲರಿಗೂ ನಮಸ್ಕಾರ. ಇಲ್ಲಿಗೆ ಬಂದು ಕೂತ ಕೂಡಲೇ ಒಬ್ಬರು ನನ್ನ ಹತ್ತಿರ ಬಂದು ಕೇಳಿದರು: "ಸರ್, ಒಂದು ಬ್ಯಾರೆಲ್ ಕಚ್ಚಾ ತೈಲದಲ್ಲಿ ಎಷ್ಟು ಲೀಟರ್ ಡೀಸೆಲ್ ಇರುತ್ತೆ?" ಸಹಜವಾದ ಪ್ರಶ್ನೆ. ಬ್ಯಾರೆಲ್ ಅಂದರೆ 159 ಲೀಟರ್. ಅದರಲ್ಲಿ ಇಷ್ಟು ಪೆಟ್ರೋಲ್, ಇಷ್ಟು ಡೀಸೆಲ್, ಇಷ್ಟು ಡಾಂಬರು ಅಂತ ಒಂದು ಲೆಕ್ಕ ಇರಲೇಬೇಕು ಅಲ್ವಾ?

ಇವತ್ತಿನ ನನ್ನ ಮಾತೆಲ್ಲ ಆ ಪ್ರಶ್ನೆಗೆ ಉತ್ತರ ಅಂತಲೇ ಇಟ್ಟುಕೊಳ್ಳಿ. ಕಚ್ಚಾ ತೈಲದೊಳಗೆ ಡೀಸೆಲ್ ಅಂತ ಹೆಸರು ಹೊತ್ತ ವಸ್ತು ಯಾವುದೂ ಇಲ್ಲ. ಇರುವುದು ಸಾವಿರಾರು ಬಗೆಯ ಅಣುಗಳು, ಚಿಕ್ಕದರಿಂದ ದೊಡ್ಡದರವರೆಗೆ ಒಂದೇ ಉದ್ದ ಸಾಲು. ಆ ಸಾಲಿನಲ್ಲಿ "ಇಲ್ಲಿಂದ ಇಲ್ಲಿಯವರೆಗೆ ಡೀಸೆಲ್" ಅಂತ ಎರಡು ಗೆರೆ ಎಳೆಯುವವರು ನಾವು. ಆ ಗೆರೆಗಳನ್ನು ಸರಿಸಬಹುದು. ದಿನದಿಂದ ದಿನಕ್ಕೆ ಸರಿಸುತ್ತಾರೆ ಕೂಡ. ಹಲವು ವರ್ಷ ರಿಫೈನರಿಯೊಂದರ ಲ್ಯಾಬಿನಲ್ಲಿ ಕೆಲಸ ಮಾಡಿದ ನನಗೆ ಡೀಸೆಲ್ ವಿಷಯದಲ್ಲಿ ಇಷ್ಟವಾದದ್ದು ಇದೇ.

ಈ ಮೇಜಿನ ಮೇಲೆ ಎರಡು ಸೀಸೆ ಇಟ್ಟಿದ್ದೇನೆ. ಒಂದರಲ್ಲಿ ಕಚ್ಚಾ ತೈಲ, ಇನ್ನೊಂದರಲ್ಲಿ ಡೀಸೆಲ್. ಸೀಸೆ ಓರೆ ಮಾಡಿದರೆ ಕಚ್ಚಾ ತೈಲ ಗಾಜಿಗೆ ಅಂಟಿಕೊಂಡು ನಿಧಾನವಾಗಿ ಇಳಿಯುತ್ತದೆ, ಹಿಂದೆ ಕಂದು ಬಣ್ಣದ ಪೊರೆ ಉಳಿಸುತ್ತದೆ. ಡೀಸೆಲ್ ತಿಳಿ ಹಳದಿ. ಬೆಳಕಿಗೆ ಹಿಡಿದರೆ ಆಚೆ ಬದಿಯ ಅಕ್ಷರ ಓದಬಹುದು. ಬೆರಳಿಗೆ ಹಚ್ಚಿಕೊಂಡರೆ ಪೆಟ್ರೋಲಿನ ಹಾಗೆ ಹಾರಿಹೋಗುವುದಿಲ್ಲ, ಜಿಡ್ಡು ಜಿಡ್ಡಾಗಿ ಉಳಿಯುತ್ತದೆ. ಎಲ್ಲಾ ಕಚ್ಚಾ ತೈಲವೂ ಹೀಗೆ ಕಪ್ಪಗಿರುವುದಿಲ್ಲ. ಕೆಲವು ಬಾವಿಗಳದ್ದು ಜೇನಿನ ಬಣ್ಣ, ನೀರಿನಷ್ಟೇ ತೆಳು. ಇನ್ನು ಕೆಲವು ಎಷ್ಟು ಮಂದ ಅಂದರೆ ಬಿಸಿ ಮಾಡದೆ ಪೈಪಿನಲ್ಲಿ ಹರಿಯುವುದೇ ಇಲ್ಲ.

ಇದರ ಮೂಲ ಹಳೆಯ ಸಮುದ್ರಗಳ ಪಾಚಿ ಮತ್ತು ಸೂಕ್ಷ್ಮ ಜೀವಿಗಳು. ಸತ್ತು ತಳ ಸೇರಿ, ಕೆಸರಿನಡಿ ಹೂತು, ಕೋಟ್ಯಂತರ ವರ್ಷ ಭೂಮಿಯ ಬಿಸಿಯಲ್ಲಿ ಬೆಂದು ತೈಲವಾದವು. ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್ ಬಿಸಿ ಇರುವ ಆಳ ಅದಕ್ಕೆ ಬೇಕು. ಇನ್ನೂ ಜಾಸ್ತಿ ಬಿಸಿಯಾದರೆ ತೈಲವೂ ಒಡೆದು ಅನಿಲವಾಗುತ್ತದೆ.

ಈ ಅಣುಗಳಲ್ಲಿ ಬಹುಪಾಲು ಎರಡೇ ಧಾತುಗಳಿಂದ ಆದವು: ಇಂಗಾಲ ಮತ್ತು ಹೈಡ್ರೋಜನ್. ಇಂಗಾಲದ ಪರಮಾಣುಗಳು ಒಂದರ ಕೈ ಒಂದು ಹಿಡಿದು ಸರಪಳಿಯಾಗುತ್ತವೆ. ಕೆಲವು ನೇರ, ಕೆಲವಕ್ಕೆ ಕವಲು, ಕೆಲವು ಉಂಗುರ. ಸರಪಳಿ ಉದ್ದವಾದಷ್ಟೂ ಅದನ್ನು ಆವಿ ಮಾಡಲು ಹೆಚ್ಚು ಬಿಸಿ ಬೇಕು. ಒಂದರಿಂದ ನಾಲ್ಕು ಇಂಗಾಲ ಇದ್ದರೆ ಅನಿಲ. ಐದರಿಂದ ಹನ್ನೆರಡರವರೆಗೆ ಪೆಟ್ರೋಲ್. ಹತ್ತರಿಂದ ಹದಿನಾರರ ಆಸುಪಾಸು ಸೀಮೆಎಣ್ಣೆ. ಹತ್ತರಿಂದ ಇಪ್ಪತ್ತೆರಡರವರೆಗೆ ಡೀಸೆಲ್. ಅದಕ್ಕೂ ಮೇಲೆ ಮೇಣ, ಗ್ರೀಸು, ಕೊನೆಗೆ ಡಾಂಬರು. ಸಂಖ್ಯೆಗಳು ಒಂದರ ಮೇಲೊಂದು ಹತ್ತಿಕೊಂಡಿರುವುದನ್ನು ಗಮನಿಸಿದಿರಾ? ಹನ್ನೆರಡು ಇಂಗಾಲದ ಒಂದು ಅಣು ಪೆಟ್ರೋಲಿಗೂ ಹೋಗಬಹುದು, ಸೀಮೆಎಣ್ಣೆಗೂ ಹೋಗಬಹುದು, ಡೀಸೆಲ್‌ಗೂ ಹೋಗಬಹುದು. ಅದು ಯಾರ ಪಾಲು ಅನ್ನುವುದನ್ನು ಅವತ್ತು ರಿಫೈನರಿ ನಡೆಸುವವರು ತೀರ್ಮಾನಿಸುತ್ತಾರೆ.

ಹಾಗಾದರೆ ಈ ಗೆರೆ ಎಳೆದವರು ಯಾರು? ಇಂಜಿನ್ನು. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್‌ನಲ್ಲಿ ಎಡ್ವಿನ್ ಡ್ರೇಕ್ ಸುಮಾರು 21 ಮೀಟರ್ ಆಳದ ಬಾವಿ ಕೊರೆದು ಎಣ್ಣೆ ತೆಗೆದಾಗ ಜನಕ್ಕೆ ಬೇಕಿದ್ದದ್ದು ದೀಪಕ್ಕೆ ಸೀಮೆಎಣ್ಣೆ ಮಾತ್ರ. ಪೆಟ್ರೋಲ್ ಬೇಡದ ಪದಾರ್ಥ, ಎಷ್ಟೋ ಕಡೆ ಸುಮ್ನೆ ಚೆಲ್ಲುತ್ತಿದ್ದರು. ಸೀಮೆಎಣ್ಣೆ ತೆಗೆದ ಮೇಲೆ ಬರುವ ಸ್ವಲ್ಪ ಭಾರದ ಎಣ್ಣೆಯನ್ನು ಬೀದಿದೀಪದ ಅನಿಲಕ್ಕೆ ಬೆರೆಸುತ್ತಿದ್ದರು, ಜ್ವಾಲೆ ಹೆಚ್ಚು ಬೆಳಗಲಿ ಅಂತ. ಅದಕ್ಕೇ ಅದರ ಹೆಸರು ಗ್ಯಾಸ್ ಆಯಿಲ್. ಇವತ್ತಿಗೂ ರಿಫೈನರಿಯ ಒಳಗೆ ಡೀಸೆಲ್ ಭಾಗವನ್ನು ನಾವು ಗ್ಯಾಸ್ ಆಯಿಲ್ ಅಂತಲೇ ಕರೆಯುತ್ತೇವೆ. ಅನಿಲದ ಬೀದಿದೀಪಗಳ ಕಾಲ ಮುಗಿದು ಎಷ್ಟೋ ವರ್ಷವಾಯಿತು, ಹೆಸರು ಉಳಿಯಿತು.

ಆಮೇಲೆ ಬಂದವರು ರುಡಾಲ್ಫ್ ಡೀಸೆಲ್. 1892ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಅವರ ಇಂಜಿನ್ ಪರೀಕ್ಷೆಯಲ್ಲಿ ಗೆದ್ದಿತು. ಇಂಧನದ ಶಕ್ತಿಯಲ್ಲಿ ಶೇಕಡ 26ರಷ್ಟನ್ನು ಕೆಲಸವಾಗಿ ಬದಲಿಸಿತು. ಆ ಕಾಲದ ಉಗಿ ಯಂತ್ರಗಳು ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಅವರ ಉಪಾಯ ಇಷ್ಟೇ: ಗಾಳಿಯನ್ನು ಹದಿನೈದು-ಇಪ್ಪತ್ತು ಪಟ್ಟು ಒತ್ತಿ ಹಿಡಿದರೆ ಅದು 500 ಡಿಗ್ರಿ ದಾಟಿ ಕಾಯುತ್ತದೆ. ಅದರೊಳಕ್ಕೆ ಇಂಧನ ಚಿಮುಕಿಸಿದರೆ ಕಿಡಿಯೇ ಬೇಡ, ತಾನಾಗಿ ಹೊತ್ತಿಕೊಳ್ಳುತ್ತದೆ. 1913ರಲ್ಲಿ ಹಡಗಿನಲ್ಲಿ ಇಂಗ್ಲಿಷ್ ಕಾಲುವೆ ದಾಟುವಾಗ ರಾತ್ರಿ ಅವರು ಕಾಣೆಯಾದರು. ಕೆಲವು ದಿನಗಳ ಮೇಲೆ ದೇಹ ಸಮುದ್ರದಲ್ಲಿ ಸಿಕ್ಕಿತು. ತಮ್ಮ ಇಂಜಿನ್ನಿನ ಹೆಸರೇ ಮುಂದೆ ಒಂದು ಎಣ್ಣೆಯ ಹೆಸರಾಗುವುದನ್ನು ನೋಡಲು ಅವರು ಇರಲಿಲ್ಲ.

ತಾನಾಗಿ ಹೊತ್ತಿಕೊಳ್ಳಬೇಕು ಅನ್ನುವ ಈ ಒಂದು ಬೇಡಿಕೆಯನ್ನು ನೆನಪಿಟ್ಟುಕೊಳ್ಳಿ. ಪೆಟ್ರೋಲ್ ಇಂಜಿನ್ನಿಗೆ ಬೇಕಿರುವುದು ಇದರ ತದ್ವಿರುದ್ಧ. ಅಲ್ಲಿ ಕಿಡಿ ಬರುವವರೆಗೆ ಇಂಧನ ಹೊತ್ತಿಕೊಳ್ಳಲೇಬಾರದು. ಹಾಗಾಗಿ ಪೆಟ್ರೋಲಿಗೆ ಒಳ್ಳೆಯದಾದ ಕವಲು ಸರಪಳಿಗಳು, ಉಂಗುರಗಳು ಡೀಸೆಲ್‌ಗೆ ಒಳ್ಳೆಯದಲ್ಲ. ಡೀಸೆಲ್‌ಗೆ ನೇರ ಸರಪಳಿ ಬೇಕು.

ಈಗ ರಿಫೈನರಿಯ ಒಳಗೆ ಹೋಗೋಣ. ಮೊದಲ ಕೆಲಸ ತೊಳೆಯುವುದು. ಕಚ್ಚಾ ತೈಲದ ಜೊತೆ ಬಾವಿಯ ಉಪ್ಪುನೀರಿನ ಸಣ್ಣ ಸಣ್ಣ ಹನಿಗಳು ಬಂದಿರುತ್ತವೆ. ಆ ಉಪ್ಪನ್ನು ಹಾಗೇ ಬಿಟ್ಟು ಕಾಯಿಸಿದರೆ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟಿ ಕಬ್ಬಿಣವನ್ನು ತಿಂದು ಹಾಕುತ್ತದೆ. ಅದಕ್ಕೆ ತೈಲವನ್ನು 120-150 ಡಿಗ್ರಿಗೆ ಬಿಸಿ ಮಾಡಿ, ಸಿಹಿನೀರು ಬೆರೆಸಿ, ವಿದ್ಯುತ್ ಕ್ಷೇತ್ರದ ನಡುವೆ ಹಾಯಿಸುತ್ತಾರೆ. ಹನಿಗಳು ಒಂದಕ್ಕೊಂದು ಸೇರಿ ದಪ್ಪವಾಗಿ ತಳಕ್ಕೆ ಇಳಿಯುತ್ತವೆ, ಉಪ್ಪನ್ನೂ ಜೊತೆಗೆ ಒಯ್ಯುತ್ತವೆ. ಈ ಹಂತದ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಆದರೆ ಇಲ್ಲಿ ತಪ್ಪಿದರೆ ಮುಂದಿನ ಪೈಪುಗಳೆಲ್ಲ ತೂತು.

ತೊಳೆದ ತೈಲ ಕುಲುಮೆಗೆ ಹೋಗುತ್ತದೆ. ಅಲ್ಲಿ 350ರಿಂದ 370 ಡಿಗ್ರಿಗೆ ಕಾದು, ಅರ್ಧ ಆವಿ ಅರ್ಧ ದ್ರವವಾಗಿ ಭಟ್ಟಿ ಗೋಪುರದ ಬುಡಕ್ಕೆ ನುಗ್ಗುತ್ತದೆ. ದೂರದಿಂದ ರಿಫೈನರಿ ನೋಡಿದಾಗ ಕಾಣುವ ಎತ್ತರದ ಉಕ್ಕಿನ ಕಂಬಗಳಲ್ಲಿ ಇದೂ ಒಂದು. ನಲವತ್ತು-ಐವತ್ತು ಮೀಟರ್ ಎತ್ತರ, ಒಳಗೆ ಮೂವತ್ತರಿಂದ ಐವತ್ತು ತಟ್ಟೆಗಳು. ನಾವು ಟ್ರೇ ಅನ್ನುತ್ತೇವೆ.

ಒಂದೇ ಒಂದು ಟ್ರೇ ಮೇಲೆ ಕಣ್ಣಿಡೋಣ. ತೂತುಗಳಿರುವ ದೊಡ್ಡ ಉಕ್ಕಿನ ತಟ್ಟೆ. ಅದರ ಮೇಲೆ ಕೆಲವು ಸೆಂಟಿಮೀಟರ್ ಆಳ ಬಿಸಿ ಎಣ್ಣೆ ನಿಂತಿದೆ. ಕೆಳಗಿನಿಂದ ಆವಿ ಆ ತೂತುಗಳ ಮೂಲಕ ಬುಳುಬುಳು ಅಂತ ಎಣ್ಣೆಯೊಳಗೆ ನುಗ್ಗುತ್ತದೆ. ನುಗ್ಗಿದ ಆವಿಯಲ್ಲಿ ಭಾರದ ಅಣುಗಳೂ ಇವೆ, ಹಗುರದವೂ ಇವೆ. ಭಾರದವು ತಟ್ಟೆಯ ಎಣ್ಣೆಗೆ ತಾಗಿ ತಣಿದು ದ್ರವವಾಗುತ್ತವೆ. ದ್ರವವಾಗುವಾಗ ಅವು ಬಿಡುವ ಬಿಸಿಯನ್ನು ಹೀರಿಕೊಂಡು, ತಟ್ಟೆಯಲ್ಲಿದ್ದ ಹಗುರ ಅಣುಗಳು ಆವಿಯಾಗಿ ಮೇಲಕ್ಕೆ ಹೋಗುತ್ತವೆ. ತಟ್ಟೆ ತುಂಬಿ ಅಂಚು ದಾಟಿದ ಎಣ್ಣೆ ಕೆಳಗಿನ ತಟ್ಟೆಗೆ ಬೀಳುತ್ತದೆ. ಅಂದರೆ ಪ್ರತಿ ತಟ್ಟೆಯಲ್ಲೂ ಒಂದು ಚಿಕ್ಕ ಅದಲುಬದಲು. ಒಂದು ಸಲದಲ್ಲಿ ಬೇರ್ಪಡುವುದು ಸ್ವಲ್ಪವೇ. ನಲವತ್ತು ಸಲ ಆದಾಗ ಗೋಪುರದ ತುದಿಯಲ್ಲಿ ಅನಿಲ ಮತ್ತು ಪೆಟ್ರೋಲ್ ಭಾಗ, ಅದರ ಕೆಳಗೆ ಸೀಮೆಎಣ್ಣೆ, ಇನ್ನೂ ಕೆಳಗೆ 260-300 ಡಿಗ್ರಿ ಬಿಸಿ ಇರುವ ಟ್ರೇಗಳಲ್ಲಿ ಡೀಸೆಲ್. ಗೋಪುರದ ಪಕ್ಕಕ್ಕೆ ಪೈಪು ಹಾಕಿ ಆಯಾ ಎತ್ತರದಲ್ಲಿ ಆಯಾ ಎಣ್ಣೆಯನ್ನು ಎಳೆದುಕೊಳ್ಳುತ್ತಾರೆ. ಬುಡದಲ್ಲಿ ಆವಿಯಾಗದೆ ಉಳಿದದ್ದು ಕಪ್ಪಗೆ ಮಂದವಾಗಿರುತ್ತದೆ.

ಎಳೆದುಕೊಂಡ ಡೀಸೆಲ್ ಇನ್ನೂ ಶುದ್ಧವಲ್ಲ. ಮೇಲಕ್ಕೆ ಹೋಗಬೇಕಿದ್ದ ಕೆಲವು ಹಗುರ ಅಣುಗಳು ಅದರಲ್ಲಿ ಸಿಕ್ಕಿಕೊಂಡಿರುತ್ತವೆ. ಅವನ್ನು ಓಡಿಸಲು ಪಕ್ಕದಲ್ಲೊಂದು ಚಿಕ್ಕ ಗೋಪುರ ಇರುತ್ತದೆ, ಸ್ಟ್ರಿಪ್ಪರ್ ಅಂತ. ಕೆಳಗಿನಿಂದ ಹಬೆ ಊದಿದರೆ ಹಗುರ ಅಣುಗಳು ಹಬೆಯ ಜೊತೆ ಎದ್ದು ದೊಡ್ಡ ಗೋಪುರಕ್ಕೆ ವಾಪಸ್ ಹೋಗುತ್ತವೆ.

ಈ ಹಬೆಯ ಬೆಲೆ ನನಗೆ ಅರ್ಥವಾದದ್ದು ಒಂದು ರಾತ್ರಿ ಪಾಳಿಯಲ್ಲಿ. ಎರಡು ಗಂಟೆಯ ಹೊತ್ತಿಗೆ ಡೀಸೆಲ್ ಸ್ಯಾಂಪಲ್ ಬಂತು. ಫ್ಲ್ಯಾಶ್ ಪಾಯಿಂಟ್ ನೋಡಬೇಕಿತ್ತು. ಅಂದರೆ ಎಷ್ಟು ಬಿಸಿಯಲ್ಲಿ ಎಣ್ಣೆಯ ಮೇಲಿನ ಆವಿ ಬೆಂಕಿಗೆ ತಗಲಿ ಝಗ್ಗೆನ್ನುತ್ತದೆ ಅಂತ. ಹಿತ್ತಾಳೆಯ ಪುಟ್ಟ ಬಟ್ಟಲಿಗೆ ಎಣ್ಣೆ ಹಾಕಿ, ಮುಚ್ಚಳ ಮುಚ್ಚಿ, ಕಲಕುತ್ತಾ ನಿಧಾನವಾಗಿ ಕಾಯಿಸುತ್ತೇವೆ. ಒಂದೊಂದು ಡಿಗ್ರಿ ಏರಿದಾಗಲೂ ಮುಚ್ಚಳದ ಕಿಂಡಿ ತೆರೆದು ಕಡಲೆಕಾಳಿಗಿಂತ ಚಿಕ್ಕ ಜ್ವಾಲೆಯೊಂದನ್ನು ಒಳಗೆ ಮುಳುಗಿಸಿ ತೆಗೆಯುತ್ತೇವೆ. ಆ ಡೀಸೆಲ್‌ಗೆ ಕನಿಷ್ಠ 55 ಡಿಗ್ರಿ ಇರಬೇಕಿತ್ತು. 49ಕ್ಕೇ ಬಟ್ಟಲೊಳಗೆ ನೀಲಿ ಮಿಂಚು ಓಡಿ ಜ್ವಾಲೆ ಆರಿಹೋಯಿತು. ನಾನೇ ತಪ್ಪು ಮಾಡಿದೆನೇನೋ ಅಂತ ಬಟ್ಟಲು ತೊಳೆದು ಒರೆಸಿ ಮತ್ತೆ ಮಾಡಿದೆ. ಮತ್ತೆ 49. ಕಂಟ್ರೋಲ್ ರೂಮಿಗೆ ಫೋನ್ ಮಾಡಿದೆ. ಅರ್ಧ ಗಂಟೆಯ ನಂತರ ಅಲ್ಲಿನ ಆಪರೇಟರ್ ತಾವೇ ಫೋನ್ ಮಾಡಿ ಹೇಳಿದರು: "ಸ್ಟ್ರಿಪ್ಪರಿಗೆ ಹೋಗೋ ಹಬೆ ವಾಲ್ವ್ ಮುಕ್ಕಾಲು ಮುಚ್ಚಿಕೊಂಡಿತ್ತು, ಈಗ ತೆಗೆದಿದ್ದೀವಿ, ಒಂದು ಗಂಟೆ ಬಿಟ್ಟು ಇನ್ನೊಂದು ಸ್ಯಾಂಪಲ್ ಕಳಿಸ್ತೀವಿ." ಆ ಸ್ಯಾಂಪಲ್ 60 ತೋರಿಸಿತು. ಅಷ್ಟರಲ್ಲಿ ಹೋಗಿದ್ದ ಎಣ್ಣೆಯನ್ನು ಬೇರೆ ಟ್ಯಾಂಕಿಗೆ ತಿರುಗಿಸಿ ಮತ್ತೆ ಸಂಸ್ಕರಿಸಬೇಕಾಯಿತು. ಆ ನೀಲಿ ಮಿಂಚು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಡೀಸೆಲ್‌ನ ಮೇಲಿನ ಗೆರೆ ಅಂದರೆ ಅದೇ. ಹಗುರ ಅಣುಗಳನ್ನು ಜಾಸ್ತಿ ಒಳಗೆ ಬಿಟ್ಟುಕೊಂಡರೆ ಎಣ್ಣೆ ಅಪಾಯಕಾರಿಯಾಗುತ್ತದೆ.

ಕೆಳಗಿನ ಗೆರೆಗೆ ಇನ್ನೊಂದು ಪರೀಕ್ಷೆ. 100 ಮಿಲಿಲೀಟರ್ ಡೀಸೆಲ್ ಅನ್ನು ಗಾಜಿನ ಬುರುಡೆಯಲ್ಲಿ ಕಾಯಿಸಿ, ಆವಿಯನ್ನು ತಣಿಸಿ, ಅಳತೆ ಕೊಳವೆಯಲ್ಲಿ ಹಿಡಿಯುತ್ತೇವೆ. ಮೊದಲ ಹನಿ ಬಿದ್ದಾಗ ಥರ್ಮಾಮೀಟರ್ ಎಷ್ಟಿದೆ ಅಂತ ಬರೆಯುತ್ತೇವೆ, ಬಹಳಷ್ಟು ಸಲ ಅದು 170-180ರ ಸುತ್ತ ಇರುತ್ತದೆ. ಆಮೇಲೆ ಪ್ರತಿ ಹತ್ತು ಮಿಲಿಲೀಟರಿಗೆ ಒಮ್ಮೆ. ಯುರೋಪಿನ ನಿಯಮದ ಪ್ರಕಾರ 360 ಡಿಗ್ರಿ ಆಗುವಷ್ಟರಲ್ಲಿ 95 ಮಿಲಿಲೀಟರ್ ಬಂದಿರಬೇಕು. ಬರಲಿಲ್ಲ ಅಂದರೆ ಬಾಲದಲ್ಲಿ ಭಾರದ ಅಣುಗಳು ಜಾಸ್ತಿ ಅಂತ. ಅವು ಇಂಜಿನ್ನಿನಲ್ಲಿ ಪೂರ್ತಿ ಉರಿಯದೆ ಕಪ್ಪು ಹೊಗೆಯಾಗಿ ಹೊರಬರುತ್ತವೆ. ಆ ಲ್ಯಾಬಿನ ಕಾಗದದ ಮೇಲೆ ಎರಡು ಅಂಕಣದಲ್ಲಿ ಇಳಿಯುವ ಸಂಖ್ಯೆಗಳೇ ಡೀಸೆಲ್‌ನ ನಿಜವಾದ ಗುರುತು ಅಂತ ನನಗೆ ಯಾವಾಗಲೂ ಅನಿಸುತ್ತದೆ.

ವಿಮಾನದ ಇಂಧನಕ್ಕೆ ಬೇಡಿಕೆ ಬಂದರೆ ಮೇಲಿನ ಗೆರೆಯನ್ನು ಕೆಳಕ್ಕೆ ಸರಿಸುತ್ತಾರೆ. ಡೀಸೆಲ್‌ನ ಹಗುರ ತುದಿ ಸೀಮೆಎಣ್ಣೆಯ ಕಡೆ ಹೋಗುತ್ತದೆ, ಏಕೆಂದರೆ ವಿಮಾನದ ಇಂಧನ ಬಹುಮಟ್ಟಿಗೆ ಸೀಮೆಎಣ್ಣೆಯೇ. ಬೇಡಿಕೆ ಇಳಿದರೆ ಅದೇ ಅಣುಗಳು ಡೀಸೆಲ್‌ಗೆ ವಾಪಸ್. ಗೋಪುರವೂ ಅದೇ, ಕಚ್ಚಾ ತೈಲವೂ ಅದೇ. ಬದಲಾಗಿದ್ದು ಕೆಲವು ವಾಲ್ವುಗಳು ಮತ್ತು ಕೆಲವು ಡಿಗ್ರಿಗಳು.

ಇನ್ನು ಗೋಪುರದ ಬುಡದಲ್ಲಿ ಉಳಿದ ಕಪ್ಪು ಎಣ್ಣೆ. ಭಾರದ ಕಚ್ಚಾ ತೈಲವಾದರೆ ಒಟ್ಟು ತೈಲದ ಅರ್ಧದಷ್ಟು ಇದೇ ಇರಬಹುದು. ಇಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: ಇನ್ನೂ ಜಾಸ್ತಿ ಬಿಸಿ ಮಾಡಿದರೆ ಅದೂ ಆವಿಯಾಗಲ್ವಾ? ಆಗುವುದಿಲ್ಲ. 370 ಡಿಗ್ರಿ ದಾಟಿದರೆ ದೊಡ್ಡ ಅಣುಗಳು ಆವಿಯಾಗುವ ಮೊದಲೇ ಮುರಿಯಲು ಶುರುವಾಗುತ್ತವೆ, ಕುಲುಮೆಯ ಕೊಳವೆಗಳೊಳಗೆ ಇದ್ದಿಲಿನಂಥ ಕೋಕ್ ಕಟ್ಟಿಕೊಳ್ಳುತ್ತದೆ. ಅದಕ್ಕೆ ಬಿಸಿ ಹೆಚ್ಚಿಸದೆ ಒತ್ತಡ ಇಳಿಸುತ್ತಾರೆ. ಬೆಟ್ಟದ ಮೇಲೆ ನೀರು ಬೇಗ ಕುದಿಯುತ್ತದಲ್ಲ, ಅದೇ ತತ್ವ. ಇನ್ನೊಂದು ಗೋಪುರದೊಳಗೆ ಹೊರಗಿನ ಗಾಳಿಯ ಒತ್ತಡದ ಇಪ್ಪತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ ಇರುವ ಹಾಗೆ ಮಾಡಿ, ಅಲ್ಲಿ ಮತ್ತೆ ಭಟ್ಟಿ ಇಳಿಸುತ್ತಾರೆ. ಆಗ ಮೇಲೆ ಬರುವುದು ವ್ಯಾಕ್ಯೂಮ್ ಗ್ಯಾಸ್ ಆಯಿಲ್, ಡೀಸೆಲ್ ಭಾಗಕ್ಕಿಂತ ಭಾರದ ಎಣ್ಣೆ. ಕೊನೆಗೆ ತಳದಲ್ಲಿ ಉಳಿಯುವುದು ಡಾಂಬರಿನಂಥ ವಸ್ತು.

ಇಲ್ಲಿಯವರೆಗೆ ನಡೆದದ್ದು ಬೇರ್ಪಡಿಸುವ ಕೆಲಸ. ಒಂದು ಅಣುವೂ ಬದಲಾಗಿಲ್ಲ, ಜರಡಿ ಹಿಡಿದ ಹಾಗೆ. ಇಲ್ಲಿಂದ ಮುಂದೆ ಅಣುಗಳನ್ನೇ ಮುರಿಯುತ್ತಾರೆ. ಕಸದಿಂದ ರಸ ಅನ್ನುತ್ತೇವಲ್ಲ, ಅದು ನಡೆಯುವುದು ಈ ಹಂತದಲ್ಲಿ. ಮುವ್ವತ್ತು ಇಂಗಾಲದ ಸರಪಳಿಯನ್ನು ನಡುವೆ ಮುರಿದರೆ ಹದಿನೈದರ ಎರಡು ತುಂಡು. ಹದಿನೈದು ಅಂದರೆ ಡೀಸೆಲ್‌ನ ಗೆರೆಯೊಳಗೆ ಬಂತು.

ಮುರಿಯಲು ಹಲವು ದಾರಿ ಇವೆ. ಬರೀ ಬಿಸಿಯಿಂದ ಮುರಿಯುವುದು ಹಳೆಯ ದಾರಿ. ರಷ್ಯಾದ ವ್ಲಾದಿಮಿರ್ ಶುಖೋವ್ 1891ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದರು. ಇವತ್ತಿನ ಕೋಕರ್ ಘಟಕ ಅದರ ವಂಶದ್ದೇ. ತಾನು ಖರ್ಚಾಗದೆ ಕ್ರಿಯೆ ಚುರುಕು ಮಾಡುವ ಪುಡಿಯಂಥ ಕ್ಯಾಟಲಿಸ್ಟ್ ಜೊತೆ 500 ಡಿಗ್ರಿಗೂ ಮೇಲೆ ಕೆಲವೇ ಸೆಕೆಂಡು ತಾಗಿಸಿ ಮುರಿಯುವುದು ಇನ್ನೊಂದು. ಅದು ಪೆಟ್ರೋಲಿಗೆ ಹೇಳಿ ಮಾಡಿಸಿದ್ದು. ಅಲ್ಲೂ ಡೀಸೆಲ್ ಅಳತೆಯ ಎಣ್ಣೆ ಬರುತ್ತದೆ, ಆದರೆ ಅದರ ತುಂಬಾ ಉಂಗುರಗಳು, ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಡೀಸೆಲ್‌ಗೆ ನಿಜವಾಗಿ ಒಪ್ಪುವುದು ಮೂರನೆಯದು, ಹೈಡ್ರೋಕ್ರ್ಯಾಕರ್. ವಾತಾವರಣದ ನೂರರಿಂದ ಇನ್ನೂರು ಪಟ್ಟು ಒತ್ತಡದ ಹೈಡ್ರೋಜನ್ನಿನಲ್ಲಿ, 400 ಡಿಗ್ರಿ ಆಸುಪಾಸಿನಲ್ಲಿ ಅಣುಗಳನ್ನು ಮುರಿಯುತ್ತಾರೆ. ಮುರಿದ ತುದಿಗಳಿಗೆ ಕೂಡಲೇ ಹೈಡ್ರೋಜನ್ ಬಂದು ಅಂಟಿಕೊಳ್ಳುತ್ತದೆ, ಉಂಗುರಗಳೂ ಬಿಚ್ಚಿಕೊಳ್ಳುತ್ತವೆ. ಹೊರಗೆ ಬರುವ ಡೀಸೆಲ್ ನೀರಿನ ಹಾಗೆ ತಿಳಿ. ಆ ರಿಯಾಕ್ಟರಿನ ಗೋಡೆ ಒಂದು ಗೇಣಿನಷ್ಟು ದಪ್ಪ ಉಕ್ಕು ಇರಬಹುದು. ರಿಫೈನರಿಯ ಅತಿ ದುಬಾರಿ ಘಟಕಗಳಲ್ಲಿ ಅದೂ ಒಂದು.

ಈಗ ಗಂಧಕದ ವಿಷಯ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ, ಏಕೆಂದರೆ ಕಳೆದ ಮೂವತ್ತು ವರ್ಷಗಳಲ್ಲಿ ಡೀಸೆಲ್ ತಯಾರಿಕೆಯಲ್ಲಿ ಆದ ಅತಿ ದೊಡ್ಡ ಬದಲಾವಣೆ ಇದು ಅಂತ ನನ್ನ ನಂಬಿಕೆ.

ಗೋಪುರದಿಂದ ನೇರವಾಗಿ ಬಂದ ಡೀಸೆಲ್‌ನಲ್ಲಿ ಗಂಧಕ ಶೇಕಡ ಒಂದು ಇದೆ ಅಂತ ಇಟ್ಟುಕೊಳ್ಳಿ. ಗಂಧಕ ಹೆಚ್ಚಿರುವ ಕಚ್ಚಾ ತೈಲಕ್ಕೆ ಇದು ಅಪರೂಪವೇನಲ್ಲ. ಅಂದರೆ ಒಂದು ಟನ್ ಡೀಸೆಲ್‌ನಲ್ಲಿ 10 ಕಿಲೋ ಗಂಧಕ. ಯುರೋಪಿನಲ್ಲಿ 2009ರಿಂದ, ಭಾರತದಲ್ಲಿ 2020ರ ಏಪ್ರಿಲ್‌ನಿಂದ ಇರುವ ಮಿತಿ 10 ಪಿಪಿಎಂ. ಅಂದರೆ ಒಂದು ಟನ್ನಿಗೆ 10 ಗ್ರಾಂ. ಹತ್ತು ಕಿಲೋದಲ್ಲಿ ಒಂಬತ್ತು ಕಿಲೋ ಒಂಬೈನೂರ ತೊಂಬತ್ತು ಗ್ರಾಂ ತೆಗೆಯಬೇಕು. ಉಪ್ಪಿನ ಹಾಗೆ ತೊಳೆದು ತೆಗೆಯಲು ಬರುವುದಿಲ್ಲ, ಏಕೆಂದರೆ ಈ ಗಂಧಕ ಅಣುಗಳ ಮೈಯೊಳಗೇ ಸೇರಿಕೊಂಡಿದೆ, ಇಂಗಾಲದ ಎರಡು ಕೈಗಳ ನಡುವೆ.

ಅದಕ್ಕೆ ಹೈಡ್ರೋಟ್ರೀಟರ್ ಬೇಕು. ಡೀಸೆಲ್ ಮತ್ತು ಹೈಡ್ರೋಜನ್ ಎರಡನ್ನೂ 340-370 ಡಿಗ್ರಿಗೆ ಕಾಯಿಸಿ, ಜೋರು ಒತ್ತಡದಲ್ಲಿ ಕ್ಯಾಟಲಿಸ್ಟ್ ಹಾಸಿನ ಮೂಲಕ ಕೆಳಕ್ಕೆ ಇಳಿಸುತ್ತಾರೆ. ಆ ಕ್ಯಾಟಲಿಸ್ಟ್ ಕಾಳುಗಳನ್ನು ಅಂಗೈಯಲ್ಲಿ ಹಿಡಿದು ನೋಡಿದ್ದೇನೆ. ಒಂದೂವರೆ ಮಿಲಿಮೀಟರ್ ದಪ್ಪದ ಸಣ್ಣ ಕಡ್ಡಿಗಳು. ಅಡ್ಡ ಕತ್ತರಿಸಿದ ತುದಿ ನೋಡಿದರೆ ಮೂರೆಲೆಯ ಆಕಾರ. ಎಣ್ಣೆಗೆ ತಾಗುವ ಮೈ ಹೆಚ್ಚಾಗಲಿ ಅಂತ ಹಾಗೆ ಮಾಡುತ್ತಾರೆ. ಒಳಗೆಲ್ಲ ಕಣ್ಣಿಗೆ ಕಾಣದ ರಂಧ್ರಗಳು, ರಂಧ್ರಗಳ ಗೋಡೆಯ ಮೇಲೆ ಕೋಬಾಲ್ಟ್ ಮತ್ತು ಮಾಲಿಬ್ಡಿನಮ್, ಅಥವಾ ನಿಕ್ಕಲ್ ಮತ್ತು ಮಾಲಿಬ್ಡಿನಮ್. ಗಂಧಕದ ಅಣು ಬಂದು ಆ ಗೋಡೆಗೆ ಗಂಧಕದ ಕಡೆಯಿಂದ ಅಂಟಿಕೊಳ್ಳುತ್ತದೆ. ಪಕ್ಕದಲ್ಲಿರುವ ಹೈಡ್ರೋಜನ್ ಇಂಗಾಲದ ಕೈ ಬಿಡಿಸಿ ಗಂಧಕವನ್ನು ತಾನು ಹಿಡಿದುಕೊಳ್ಳುತ್ತದೆ. ಗಂಧಕ ಹೈಡ್ರೋಜನ್ ಸಲ್ಫೈಡ್ ಆಗಿ ಹೊರಡುತ್ತದೆ. ಉಳಿದ ಅಣು ಡೀಸೆಲ್ ಆಗಿ ಮುಂದೆ ಹರಿಯುತ್ತದೆ.

ಮೊದಲ ಒಂಬತ್ತು ಕಿಲೋ ಸುಲಭ. ಕೊನೆಯ ಕೆಲವು ಗ್ರಾಮುಗಳೇ ಕಷ್ಟ. ಕೆಲವು ಅಣುಗಳಲ್ಲಿ ಗಂಧಕ ಮೂರು ಉಂಗುರಗಳ ನಡುವಿನದರಲ್ಲಿ ಕೂತಿರುತ್ತದೆ, ಅದರ ಎರಡೂ ಪಕ್ಕದಲ್ಲಿ ಮೀಥೈಲ್ ಗುಂಪುಗಳು, ಅಂದರೆ ಒಂದು ಇಂಗಾಲ ಮೂರು ಹೈಡ್ರೋಜನ್ ಸೇರಿದ ಪುಟ್ಟ ಗೊಂಚಲುಗಳು, ಕಾವಲು ನಿಂತಿರುತ್ತವೆ. ಗಂಧಕಕ್ಕೆ ಗೋಡೆ ಮುಟ್ಟಲು ಬಿಡುವುದೇ ಇಲ್ಲ. ಆಗ ಮೊದಲು ಉಂಗುರಕ್ಕೆ ಹೈಡ್ರೋಜನ್ ತುಂಬಿ ಅದನ್ನು ಬಗ್ಗಿಸಿ, ಆಮೇಲೆ ಗಂಧಕ ಕೀಳಬೇಕು. ಇದಕ್ಕೆ ಹೆಚ್ಚು ಒತ್ತಡ, ಹೆಚ್ಚು ಹೈಡ್ರೋಜನ್, ದೊಡ್ಡ ರಿಯಾಕ್ಟರ್.

ಹೈಡ್ರೋಜನ್ ಪುಕ್ಕಟೆ ಬರುವುದಿಲ್ಲ. ಹೆಚ್ಚಿನ ಕಡೆ ಅದನ್ನು ನೈಸರ್ಗಿಕ ಅನಿಲ ಮತ್ತು ಹಬೆಯಿಂದ ಮಾಡುತ್ತಾರೆ. ಒಂದು ಕಿಲೋ ಹೈಡ್ರೋಜನ್ ಮಾಡುವಾಗ ಸುಮಾರು 9-10 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ಡೀಸೆಲ್ ಸ್ವಚ್ಛವಾಗುವುದಕ್ಕೂ ಒಂದು ಲೆಕ್ಕ ಇದೆ ಅನ್ನುವುದನ್ನು ಮರೆಯಬಾರದು. ಆದರೂ ಈ ಕೆಲಸ ಮಾಡಲೇಬೇಕಿತ್ತು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಗಂಧಕ ಉರಿದರೆ ಆಮ್ಲ ಮತ್ತು ಸೂಕ್ಷ್ಮ ಕಣಗಳು. ಅದಕ್ಕಿಂತ ಹೆಚ್ಚಾಗಿ, ವಾಹನದ ಹೊಗೆ ಕೊಳವೆಯಲ್ಲಿ ಕೂರಿಸುವ ಶುದ್ಧೀಕರಣ ಸಾಧನಗಳನ್ನು ಗಂಧಕ ಕೆಡಿಸುತ್ತದೆ. ಮೊದಲು ಇಂಧನದಿಂದ ಗಂಧಕ ಹೋದರೆ ಮಾತ್ರ ಆ ಸಾಧನಗಳು ಕೆಲಸ ಮಾಡುತ್ತವೆ. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅಂತ ಖಚಿತವಾಗಿ ಹೇಳಿತು. ಆ ಹೊಗೆಯನ್ನು ಉಸಿರಾಡುವವರು ರಸ್ತೆಯ ಪಕ್ಕ ಬದುಕುವ ಜನ.

ತೆಗೆದ ಗಂಧಕ ಎಲ್ಲಿ ಹೋಗುತ್ತದೆ? ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ವಾಸನೆಯ ವಿಷ. ಪ್ರಮಾಣ ಹೆಚ್ಚಾದರೆ ಮೂಗು ಸತ್ತುಹೋಗಿ ವಾಸನೆಯೇ ತಿಳಿಯುವುದಿಲ್ಲ. ಅದಕ್ಕೇ ಆ ಕಡೆ ಹೋಗುವವರೆಲ್ಲ ಅಂಗಿಗೆ ಅಪಾಯದ ಗಂಟೆ ಸಿಕ್ಕಿಸಿಕೊಂಡಿರುತ್ತಾರೆ. ಈ ಅನಿಲವನ್ನು ಕ್ಲಾಸ್ ವಿಧಾನ ಅನ್ನುವ, 1883ರಲ್ಲಿ ಪೇಟೆಂಟ್ ಆದ ಕ್ರಮದಲ್ಲಿ ಅರ್ಧಂಬರ್ಧ ಸುಟ್ಟು ಮತ್ತೆ ಗಂಧಕ ಮಾಡುತ್ತಾರೆ. ಕರಗಿದ ಗಂಧಕ ಕೆಂಪು ಛಾಯೆಯ ಹಳದಿ, ತಣಿದರೆ ನಿಂಬೆ ಹಳದಿ. ಇವತ್ತು ಜಗತ್ತು ಬಳಸುವ ಗಂಧಕದಲ್ಲಿ ಬಹುಪಾಲು ಹೀಗೆ ತೈಲ ಮತ್ತು ಅನಿಲದಿಂದ ತೆಗೆದದ್ದೇ. ಅದರಿಂದ ಸಲ್ಫ್ಯೂರಿಕ್ ಆಮ್ಲ, ಆಮ್ಲದಿಂದ ಗೊಬ್ಬರ.

ಗೋಪುರದ ಡೀಸೆಲ್, ಹೈಡ್ರೋಕ್ರ್ಯಾಕರ್ ಡೀಸೆಲ್, ಕೋಕರ್ ಡೀಸೆಲ್, ಎಲ್ಲವೂ ಗಂಧಕ ಕಳೆದುಕೊಂಡು ಟ್ಯಾಂಕಿಗೆ ಬರುತ್ತವೆ. ಅಲ್ಲಿ ಬೆರಕೆಯ ಕೆಲಸ. ಮೊದಲು ನೋಡುವುದು ಸೀಟೇನ್ ಸಂಖ್ಯೆ, ಅಂದರೆ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಅಂತ. ಹದಿನಾರು ಇಂಗಾಲದ ನೇರ ಸರಪಳಿಗೆ ನೂರು ಅಂಕ. ಯುರೋಪಿನಲ್ಲಿ ಕನಿಷ್ಠ 51 ಬೇಕು, ಅಮೆರಿಕದಲ್ಲಿ 40 ಸಾಕು.

ಹಾಗಾದರೆ ನೇರ ಸರಪಳಿಗಳನ್ನೇ ತುಂಬಿಬಿಟ್ಟರೆ ಆಯಿತಲ್ಲ ಅನಿಸುತ್ತದೆ. ಇಲ್ಲೇ ತೊಡಕು. ನೇರ ಸರಪಳಿಗಳು ಒಂದರ ಪಕ್ಕ ಒಂದು ಅಚ್ಚುಕಟ್ಟಾಗಿ ಜೋಡಿಸಿಕೊಳ್ಳುತ್ತವೆ, ಚಳಿಯಲ್ಲಿ ಮೇಣವಾಗುತ್ತವೆ. ಮೊದಲು ಎಣ್ಣೆ ಮಂಜು ಮಂಜಾಗುತ್ತದೆ, ಆಮೇಲೆ ಮೇಣದ ಹರಳುಗಳು ಫಿಲ್ಟರ್ ಕಟ್ಟಿ ಇಂಜಿನ್ ನಿಲ್ಲುತ್ತದೆ. ಚೆನ್ನಾಗಿ ಉರಿಯುವ ಅಣುವೇ ಮೊದಲು ಹೆಪ್ಪುಗಟ್ಟುವ ಅಣು. ಚಳಿ ದೇಶಗಳಲ್ಲಿ ಚಳಿಗಾಲದ ಡೀಸೆಲ್ ಬೇರೆಯೇ ಇರುತ್ತದೆ. ಕೆಳಗಿನ ಗೆರೆಯನ್ನು ಮೇಲಕ್ಕೆ ಸರಿಸಿ ಭಾರದ ಅಣುಗಳನ್ನು ಹೊರಗಿಡುತ್ತಾರೆ, ಸೀಮೆಎಣ್ಣೆ ಬೆರೆಸುತ್ತಾರೆ, ಹರಳು ದೊಡ್ಡದಾಗದ ಹಾಗೆ ತಡೆಯುವ ರಾಸಾಯನಿಕ ಸೇರಿಸುತ್ತಾರೆ. ಇನ್ನೊಂದು ತೊಡಕು: ಗಂಧಕ ಕೀಳುವಾಗ ಎಣ್ಣೆಗೆ ಜಾರುವ ಗುಣ ಕೊಡುತ್ತಿದ್ದ ಬೇರೆ ಅಣುಗಳೂ ಹೋಗಿಬಿಡುತ್ತವೆ. ಇಂಧನ ಪಂಪಿನ ಲೋಹಕ್ಕೆ ಲೋಹ ಉಜ್ಜಿ ಸವೆಯುತ್ತದೆ. ಅದಕ್ಕೂ ಒಂದು ಚೂರು ಸೇರ್ಪಡೆ ಬೇಕು.

ಈಗ ಮೊದಲ ಪ್ರಶ್ನೆಗೆ ಬರೋಣ. ಅಮೆರಿಕದ ರಿಫೈನರಿಗಳು ಪೆಟ್ರೋಲಿಗೆ ಒತ್ತು ಕೊಟ್ಟು ಕಟ್ಟಿದವು. ಅಲ್ಲಿ 159 ಲೀಟರಿನ ಒಂದು ಬ್ಯಾರೆಲ್‌ಗೆ ಸುಮಾರು 40ರಿಂದ 50 ಲೀಟರ್ ಡೀಸೆಲ್ ಬಗೆಯ ಎಣ್ಣೆ ಬರುತ್ತದೆ. ಹೈಡ್ರೋಕ್ರ್ಯಾಕರ್ ಇಟ್ಟುಕೊಂಡು ಡೀಸೆಲ್‌ಗೆ ಒತ್ತು ಕೊಟ್ಟ ಕಡೆ ಇದಕ್ಕಿಂತ ಜಾಸ್ತಿ ಬರುತ್ತದೆ. ಎಲ್ಲ ಉತ್ಪನ್ನಗಳನ್ನೂ ಕೂಡಿದರೆ 159 ಲೀಟರಿಗೆ ಬದಲು ಸುಮಾರು 170 ಲೀಟರ್ ಆಗುತ್ತದೆ. ತೂಕ ಹೆಚ್ಚಿದ್ದಲ್ಲ. ದೊಡ್ಡ ಅಣುಗಳನ್ನು ಮುರಿದು, ಹೈಡ್ರೋಜನ್ ಸೇರಿಸಿದ್ದಕ್ಕೆ ಎಣ್ಣೆ ಹಗುರಾಗಿ ಹೆಚ್ಚು ಜಾಗ ಹಿಡಿಯಿತು, ಅಷ್ಟೇ.

ಕೊನೆಗೆ ಪ್ರಯಾಣ. ಎಷ್ಟೋ ಕಡೆ ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಎಲ್ಲವೂ ಒಂದೇ ಪೈಪ್‌ಲೈನಿನಲ್ಲಿ ಹೋಗುತ್ತವೆ, ಒಂದರ ಹಿಂದೆ ಒಂದು. ಎರಡರ ನಡುವೆ ಸಾಮಾನ್ಯವಾಗಿ ಅಡ್ಡಗೋಡೆ ಇರುವುದಿಲ್ಲ. ನೂರಾರು ಕಿಲೋಮೀಟರ್ ಹರಿದ ಮೇಲೆ ಗಡಿಯಲ್ಲಿ ಸ್ವಲ್ಪ ದೂರ ಎರಡೂ ಬೆರೆತಿರುತ್ತವೆ. ಆಚೆ ತುದಿಯಲ್ಲಿ ಸಾಂದ್ರತೆಯ ಮೀಟರ್ ನೋಡುತ್ತಾ ಒಬ್ಬರು ಕೂತಿರುತ್ತಾರೆ. ಡೀಸೆಲ್‌ನ ಸಂಖ್ಯೆ ಇಳಿಯತೊಡಗಿದ ಕೂಡಲೇ ವಾಲ್ವ್ ತಿರುಗಿಸಿ ಆ ಬೆರಕೆಯನ್ನು ಬೇರೆ ಟ್ಯಾಂಕಿಗೆ ಬಿಡುತ್ತಾರೆ. ಅದು ಪೆಟ್ರೋಲೂ ಅಲ್ಲ, ಡೀಸೆಲ್ಲೂ ಅಲ್ಲ. ಟ್ಯಾಂಕ್ ತುಂಬಿದಾಗ ಅದು ಮತ್ತೆ ಭಟ್ಟಿ ಗೋಪುರಕ್ಕೆ ಹೋಗುತ್ತದೆ, ಇನ್ನೊಮ್ಮೆ ಗೆರೆ ಎಳೆಯಲು.